ತೂಕಕ್ಕೆ ಬಂದ ತಂಬಿಗೆ

ಧಾರವಾಡದಲ್ಲಿ ಮಂಗಳವಾರ ಸಂತೆಯ ದಿನ. ಕಾಯಿಪಲ್ಲೆಯ ಗುಡ್ಡೆಗಳನ್ನು ದಾಟಿ ಅಂಚಿಗೆ ಸರಿದರೆ, ಗೋಣಿತಟ್ಟು ಹಾಸಿ ಹಳೆಯ ಸಾಮಾನು ಹರವಿಕೊಂಡು ಕುಳಿತವರು ಒಬ್ಬಿಬ್ಬರು ಸಿಗುತ್ತಾರೆ. ಹಿಡಿ ಸಡಿಲಾದ ಈಳಿಗೆ, ತುಕ್ಕು ಹಿಡಿದ ಹಂಚು, ಕಿಲುಬು ಹತ್ತಿದ ತಂಬಿಗೆ, ಅಂಚು ಮುಕ್ಕಾದ ಬಳಪದ ಕಲ್ಲಿನ ಮರಿಗೆ. ಯಾರದೋ ಅಡುಗೆಮನೆಯು ಬಿಸಿಲಿಗೆ ಮೈಯೊಡ್ಡಿ ಬಿದ್ದಿರುತ್ತದೆ. ಶಾಲೆಯಲ್ಲಿ ಮೂವತ್ತೆರಡು ವರ್ಷ ಕಲಿಸಿ ನಿವೃತ್ತರಾದ ತಾಯಿಯೊಬ್ಬರು ಕಾಯಿಪಲ್ಲೆಯ ನೆವದಿಂದ ಮನೆ ಬಿಟ್ಟು ಮೊದಲು ಈ ಮೂಲೆಗೇ ಬರುವರು. ಮನೆಯವರಿಗೂ ಅದು ಗೊತ್ತು. ಚೀಲ ಭಾರವಾಗಿ ಬಂದ ದಿನ ಅದರಲ್ಲಿ ಬದನೆಕಾಯಿ ಕಡಿಮೆಯಿರುತ್ತದೆ.

ಈ ಆಸೆಗೆ ಒಂದು ಹಿಂದಿನ ಕಥೆಯುಂಟು. 1994ರಲ್ಲಿ ಹಳ್ಳಿಯ ಮನೆಯನ್ನು ತೆರವು ಮಾಡಿ ಊರಿಗೆ ಬಂದಾಗ ಅವರ ಅವ್ವನ ಕಾಲದ ತಾಮ್ರ ಹಿತ್ತಾಳೆಗಳನ್ನೆಲ್ಲ ತೂಕಕ್ಕೆ ಹಾಕಿ ಸ್ಟೀಲಿನ ಡಬ್ಬಿಗಳನ್ನೂ ಒಂದು ಮಿಕ್ಸರನ್ನೂ ತಂದಿದ್ದರು. ತಿಕ್ಕಿ ಬೆಳಗುವ ಕಷ್ಟ ತಪ್ಪಿತೆಂದು ಅಂದು ಸಂತೋಷವೇ ಆಗಿತ್ತು. ಅದು ಸುಳ್ಳು ಸಂತೋಷವೆಂದು ಯಾರೂ ಹೇಳಲಾರರು. ಹುಣಸೆಹಣ್ಣು ಬೂದಿಗಳಿಂದ ಹಂಡೆ ಬೆಳಗಿದ ಕೈಗಳಿಗೇ ಅದರ ಬೆಲೆ ಗೊತ್ತು. ಆದರೆ ಆ ರಾಶಿಯಲ್ಲಿ ಅವ್ವನ ಹೆಸರನ್ನು ಚುಕ್ಕೆ ಚುಕ್ಕೆಯಾಗಿ ಕೊರೆಸಿದ್ದ ಕೊಳಗವೊಂದಿತ್ತು. ತಕ್ಕಡಿಯು ಹೆಸರನ್ನು ತೂಗುವುದಿಲ್ಲ. ಅವ್ವನು ಲಿಂಗೈಕ್ಯಳಾದ ಮೇಲೆ ಆ ಕೊಳಗ ನೆನಪಾಗತೊಡಗಿತು.

ಅದು ಸಿಗಲಾರದೆಂದು ತಿಳಿದೂ ಹುಡುಕುತ್ತ ಹೋದವರಿಗೆ ಬೇರೆಯದೇ ಒಂದು ವಿದ್ಯೆ ಕೈಗೂಡಿತು. ಕಂಚಿನ ಬಟ್ಟಲನ್ನು ಬೆರಳ ಗೆಣ್ಣಿನಿಂದ ತಟ್ಟಿದರೆ ನಾದವು ಬಹಳ ಹೊತ್ತು ನಿಲ್ಲುತ್ತದೆ. ತಾಮ್ರಕ್ಕೆ ತವರ ಬೆರೆತರೆ ಕಂಚು, ಸತು ಬೆರೆತರೆ ಹಿತ್ತಾಳೆ. ನಾದದ ಭೇದ ಅಲ್ಲಿಂದ ಬಂದುದು. ಕಲ್ಲಿನ ಮರಿಗೆಯನ್ನು ತಟ್ಟಿದಾಗ ದನಿ ಒಡಕಾಗಿ ಕೇಳಿದರೆ ಒಳಗೆಲ್ಲೋ ಬಿರುಕುಂಟು. ಬಿರುಕಿಲ್ಲದ ಮರಿಗೆಯು ನಿಧಾನವಾಗಿ ಕಾಯುತ್ತದೆ, ಆರುವುದೂ ಅಷ್ಟೇ ನಿಧಾನ. ಒಲೆಯಿಂದ ಇಳಿಸಿದ ಮೇಲೂ ಸಾರು ಕುದಿಯುತ್ತಲೇ ಇರುತ್ತದೆ. ಬೀಡಿನ ಹಂಚಿನ ತುಕ್ಕಿಗೆ ಅಂಜಬೇಕಾಗಿಲ್ಲ. ಉಜ್ಜಿ ತೊಳೆದು ಒಣಗಿಸಿ, ತೆಳ್ಳಗೆ ಎಣ್ಣೆ ಸವರಿ, ಕಾಯಿಸಿ ಆರಿಸಿ ಮತ್ತೆ ಕಾಯಿಸಿದರೆ ಅದು ದೋಸೆಯನ್ನು ಬಿಟ್ಟುಕೊಡಲು ಕಲಿಯುತ್ತದೆ. ಹಿತ್ತಾಳೆಯದು ಹಾಗಲ್ಲ. ಹುಳಿ ತಾಗಿದರೆ ಲೋಹ ಅಡುಗೆಗೆ ಇಳಿಯುವುದರಿಂದ ಒಳಮೈಗೆ ಕಲಾಯಿ ಬೇಕು. ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿ ಉದುರಿಸಿ, ಕರಗಿದ ತವರವನ್ನು ಅರಳೆಯಿಂದ ಒಂದೇ ಉಸಿರಿನಲ್ಲಿ ಸವರುವ ಕಲಾಯಿಯವನು ಓಣಿಗೆ ಬರುತ್ತಿದ್ದ ಕಾಲವೊಂದಿತ್ತು. ಈಗ ಅವನನ್ನು ಹುಡುಕಿಕೊಂಡು ಹುಬ್ಬಳ್ಳಿಗೆ ಹೋಗಬೇಕು. ತವರದೊಡನೆ ಸೀಸ ಬೆರೆಸುವವರೂ ಉಂಟಾದ್ದರಿಂದ ನಂಬಿಕೆಯ ಕೈಯೇ ಆಗಬೇಕು. ಮೂಲ ತಿಳಿಯದ ಪಾತ್ರೆಯನ್ನು ಆ ತಾಯಿ ಅಡುಗೆಗೆ ಹಚ್ಚುವುದಿಲ್ಲ, ಹೂವಿಗೆ ಇಡುವರು.

ಒಮ್ಮೆ ಅವರಿಗೆ ಸೇರು, ಅಚ್ಚೇರು, ಪಾವುಗಳ ಹಿತ್ತಾಳೆಯ ಜೋಡಣೆಯೊಂದು ಸಿಕ್ಕಿತು. 1956ರ ತೂಕ ಮತ್ತು ಅಳತೆಯ ಕಾಯಿದೆಯ ಬಳಿಕ ಮೆಟ್ರಿಕ್ ಪದ್ಧತಿ ಬಂದು ಅಂಗಡಿಯಲ್ಲಿ ಅವುಗಳ ಕೆಲಸ ತಪ್ಪಿತು, ಮನೆಯಲ್ಲಿ ತಪ್ಪಲಿಲ್ಲ. ಇಂದಿಗೂ ಆ ಮನೆಯಲ್ಲಿ ಅಕ್ಕಿ ಅಳೆಯುವುದು ಆ ಪಾವಿನಿಂದಲೇ. ಮತ್ತೊಂದು ಮಂಗಳವಾರ ತಂಬಿಗೆಯೊಂದು ಕೈಗೆ ಬಂತು. ಕಿಲುಬಿನಡಿಯಲ್ಲಿ ಚುಕ್ಕೆಗಳು ಕಂಡವು. ಸೆರಗಿನಿಂದ ಒರೆಸಿದರೆ ಒಬ್ಬ ಹೆಣ್ಣುಮಗಳ ಹೆಸರು, 1951 ಎಂಬ ಇಸವಿ. ಮದುವೆಯಲ್ಲಿ ಮುಯ್ಯಿ ಮಾಡಿದ ತಂಬಿಗೆಯಿರಬೇಕು.

“ಅದು ತೂಕಕ್ಕ ಹೋಗೂದ್ರಿ ಅಕ್ಕಾರ, ಹೆಸರಿಗೇನೂ ಹೆಚ್ಚಿಗಿ ಹಚ್ಚೂದಿಲ್ಲ” ಎಂದನು ಮಾರುವವನು, ನಗುತ್ತ.

ತಂಬಿಗೆ ಮನೆಗೆ ಬಂತು. ಸೊಸೆಯು ಅದನ್ನು ಮಸೆಯಿಸಿ ಹೆಸರು ಅಳಿಸೋಣವೆಂದಳು, “ಬ್ಯಾಡವಾ, ಇರ್ಲಿ ಬಿಡು. ಯಾರರ ಮಗಳಲ್ಲೇನು” ಎಂದರು. ಕಾಣದ ಆ ಹೆಣ್ಣಿನ ಹೆಸರು ದಿನವೂ ಬೆಳಿಗ್ಗೆ ನೀರು ತುಂಬಿಕೊಂಡು ಪಡಸಾಲೆಯಲ್ಲಿ ಕೂರುತ್ತದೆ. ಅವ್ವನ ಕೊಳಗವೂ ಇಂಥದೇ ಒಂದು ಮನೆಯಲ್ಲಿ ಕುಳಿತಿರಬಹುದೆಂಬ ಆಸೆ ಅವರಿಗೆ. ಕರಗಿಹೋಗಿರಬಹುದು ಎಂಬುದೂ ಗೊತ್ತು.

ಹಳತನ್ನು ಉಳಿಸುವ ಈ ಹಂಬಲ ದೊಡ್ಡ ಪ್ರಮಾಣದಲ್ಲಿ ಬೆಳೆದರೆ ಏನಾಗಬಲ್ಲುದೆಂಬುದಕ್ಕೆ ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮ ಸಾಕ್ಷಿ. 2017ರಲ್ಲಿ ತೀರಿಕೊಂಡ ವಿಜಯನಾಥ ಶೆಣೈ ಅವರು ನೆಲಸಮವಾಗಲಿದ್ದ ಹಳೆಯ ಮನೆಗಳನ್ನು ಬಿಡಿಬಿಡಿಯಾಗಿ ಬಿಚ್ಚಿ ತಂದು ಮತ್ತೆ ಕಟ್ಟಿದರು. ಅಷ್ಟು ಜಾಗ, ಅಷ್ಟು ಆಯುಷ್ಯ ಎಲ್ಲರಿಗೂ ಎಲ್ಲಿಂದ? ಎರಡು ಕೋಣೆಯ ಮನೆಯಲ್ಲಿ ಐದನೆಯ ಮರಿಗೆಯು ಉಳಿಕೆಯೋ ಆಸೆಯೋ ಎಂಬ ಪ್ರಶ್ನೆ ಬೇಗನೆ ಏಳುತ್ತದೆ. ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ತಂದಲ್ಲಿಗೇ ಅದನ್ನು ಸುರಿದು ಬಾ ಎಂದು ಹಿಂದಿರುಗಿಸಿದ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವನ್ನು ಓಣಿಯ ವಚನ ಪಠಣದಲ್ಲಿ ಕೇಳಿ ಬಂದ ರಾತ್ರಿ ಆ ತಾಯಿ ಅಟ್ಟದ ಕಡೆ ನೋಡಿ ನಕ್ಕರಂತೆ. ಮರುವಾರವೇ ಮೂರು ಮರಿಗೆಗಳು ನೆಂಟರ ಮನೆ ಸೇರಿದವು.

ಅದು ಸುಲಭವಾಗಿತ್ತು. ಸುಲಭವಲ್ಲದ್ದು ಕೌದಿಯ ವಿಷಯ.

ಹೋದ ವರ್ಷ ಸಂತೆಯಲ್ಲಿ ವಯಸ್ಸಾದ ಹೆಣ್ಣುಮಗಳೊಬ್ಬಳು ಒಂದೇ ಒಂದು ಕೌದಿಯನ್ನು ಮುಂದಿಟ್ಟುಕೊಂಡು ಕುಳಿತಿದ್ದಳು. ಸವೆದ ಇಳಕಲ್ ಸೀರೆಗಳು, ಕುಬಸದ ಖಣದ ತುಂಡುಗಳು, ಯಾವನೋ ಹುಡುಗನ ಶಾಲೆಯ ಅಂಗಿಯ ನೀಲಿ. ಎಂಟುನೂರು ರೂಪಾಯಿ ಕೇಳಿದಳು. ಚೌಕಾಸಿ ಸಂತೆಯ ಧರ್ಮವೇ ಸರಿ, ಐದುನೂರಕ್ಕೆ ಇಳಿಯಿತು. “ಒಯ್ರೆವ್ವಾ, ಹೊತ್ತಾತು” ಎಂದಳು ಅವಳು. ಮುನ್ನೂರು ಉಳಿಸಿದ ಹಿಗ್ಗು ಮನೆಯ ಬಾಗಿಲವರೆಗೂ ಇತ್ತು.

ರಾತ್ರಿ ಹೊದ್ದುಕೊಂಡಾಗ ಬೆರಳು ಹೊಲಿಗೆಯ ಮೇಲೆ ಆಡಿತು. ಅಂಚಿನಿಂದ ಒಳಗೆ ಸಾಲು ಸಾಲಾಗಿ ಸಾಗಿದ ಓಟದ ಹೊಲಿಗೆ, ಎರಡು ಸಾಲುಗಳ ನಡುವೆ ಒಂದು ಬೆರಳಿನಷ್ಟು ಜಾಗವಿಲ್ಲ. ಗಣಿತ ಕಲಿಸಿದ ಕೈಯದು. ಒಂದು ಗೇಣಿನಲ್ಲಿ ಎಷ್ಟು ಸಾಲು, ಒಂದು ಸಾಲಿಗೆ ಎಷ್ಟು ಹೊತ್ತು ಎಂದು ಲೆಕ್ಕ ಹಾಕಿದರು. ದಿನಕ್ಕೆ ಮೂರು ತಾಸಿನಂತೆ ಹಿಡಿದರೂ ತಿಂಗಳಿಗೆ ಕಡಿಮೆಯಾಗದ ಕೆಲಸ. ದಿನಕ್ಕೆ ಹದಿನೇಳು ರೂಪಾಯಿಯೂ ಬೀಳಲಿಲ್ಲ. ಕೇತಯ್ಯನ ಬುಟ್ಟಿಗೆ, ಚಂದಯ್ಯನ ಹಗ್ಗಕ್ಕೆ ಕೈಮುಗಿಯುವ ಮನೆಯಲ್ಲಿ ಆ ಕೌದಿ ಮೈಮೇಲೆ ನಿಲ್ಲಲಿಲ್ಲ. ಹಿತ್ತಾಳೆಗೆ ತಕ್ಕಡಿ ಹಿಡಿದವನನ್ನು ಆಡಿಕೊಂಡವರು ತಾವೂ ಒಂದು ತಕ್ಕಡಿ ಹಿಡಿದಿದ್ದರು.

ಮುಂದಿನ ಮಂಗಳವಾರ ಬೇಗನೆ ಹೋದರು. ಅವಳು ಬಂದಿರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಪಕ್ಕದಲ್ಲಿ ಬೆಳ್ಳುಳ್ಳಿ ಮಾರುವವಳನ್ನು ಕೇಳಿದರೆ, “ಯಾ ಊರಾಕೀನೋ ಏನೋರಿ, ಆ ಒಂದ ದಿನ ಕುಂತಿದ್ಲು” ಎಂದಳು.

ಕೌದಿಯು ಈಗ ಟ್ರಂಕಿನ ಮೇಲೆ ಮಡಿಕೆಯಾಗಿದೆ. ಚಳಿ ಬಂದಾಗ ಮೊಮ್ಮಗನು ಕೇಳಿದರೆ ಹೊದಿಸುವರು, ತಾವು ಹೊದೆಯುವುದಿಲ್ಲ. ಸಂತೆಗೆ ಹೋಗುವುದನ್ನು ಬಿಟ್ಟಿಲ್ಲ. ಹೋದ ತಿಂಗಳು ಚಂದದ ಅಡಕೊತ್ತೊಂದು ಸಿಕ್ಕಿತು, ಕೇಳಿದಷ್ಟೇ ಕೊಟ್ಟು ತಂದರು. ಚೀಲದ ಒಳಜೇಬಿನಲ್ಲಿ ನೂರರ ಮೂರು ನೋಟುಗಳು ಬೇರೆಯಾಗಿ ಮಡಿಚಿವೆ. ಕಾಯಿಪಲ್ಲೆಗೆ ಚಿಲ್ಲರೆ ಸಾಲದೆ ಹೋದ ದಿನವೂ ಅವುಗಳನ್ನು ಮುಟ್ಟುವುದಿಲ್ಲ.