ಆಡೂರಿಗೆ ಬಂದ ಹೂಜಿಗಿಡ

ನಮ್ಮ ಆಡೂರು ಹಾನಗಲ್ಲಿನ ಪೂರ್ವದಿಕ್ಕಿಗಿರುವ ಪುರಾತನ ಗ್ರಾಮ. ಬಾದಾಮಿಯ ಚಾಲುಕ್ಯರ ಕಾಲದ ಶಿಲಾಶಾಸನವುಳ್ಳ ಸ್ಥಳವೆಂದು ಇತಿಹಾಸಜ್ಞರು ಇದನ್ನು ಬಲ್ಲರು. ಮಲೆನಾಡು ಮುಗಿದು ಬಯಲುನಾಡು ತೊಡಗುವ ಸೀಮೆಯಾದುದರಿಂದ ಇಲ್ಲಿಯ ಗಾಳಿ ಶ್ರಾವಣದಲ್ಲಿ ಶಿರಸಿಯದು, ಚೈತ್ರದಲ್ಲಿ ಗದಗಿನದು. ಈ ಮಾತನ್ನು ಮೊದಲಿಗೇ ಹೇಳಲು ಕಾರಣವುಂಟು.

ಹೋದ ವರ್ಷ ಜ್ಯೇಷ್ಠಮಾಸದಲ್ಲಿ ನಮ್ಮ ಮೊಮ್ಮಗಳು ಬೆಂಗಳೂರಿನ ನರ್ಸರಿಯೊಂದರಿಂದ ಹೂಜಿಗಿಡವನ್ನು ತಂದು, “ಅಜ್ಜಾ, ದೀಪಾವಳಿಗೆ ಬಂದಾಗ ಹೂಜಿ ಎಷ್ಟಾಗ್ಯಾವ ಎಣಸ್ತೀನಿ” ಎಂದು ನಮ್ಮ ವಶಕ್ಕೊಪ್ಪಿಸಿ ಹೋದಳು. ನೋಡಬಂದವರೆಲ್ಲರೂ ಹೂಜಿಯನ್ನು ಹೂವೆಂದೇ ತಿಳಿದರು. ಅದು ಹೂವಲ್ಲ, ಎಲೆಯ ತುದಿ. ನಡುನರವು ಬಳ್ಳಿಯಂತೆ ಮುಂದಕ್ಕೆ ಚಾಚಿ, ಕೊನೆಯಲ್ಲಿ ಉಬ್ಬಿ, ಮುಚ್ಚಳವುಳ್ಳ ಪಾತ್ರೆಯಾಗುವುದು. ಅಂಚಿನ ನುಣುಪಿನಲ್ಲಿ ಜಾರಿದ ಇರುವೆ ಒಳಗಿನ ರಸದಲ್ಲಿ ಕರಗಿಹೋಗುವುದು. ಭಾರತದಲ್ಲಿ ತಾನಾಗಿ ಬೆಳೆಯುವ ಹೂಜಿಗಿಡದ ಜಾತಿ ಒಂದೇ. ಅದು ಮೇಘಾಲಯದ ಗಾರೋ, ಖಾಸಿ, ಜೈಂತಿಯಾ ಬೆಟ್ಟಗಳದು. ಗಾರೋ ಜನರು ಅದಕ್ಕೆ ‘ಭೂತದ ಬುಟ್ಟಿ’ ಎಂಬರ್ಥದ ಹೆಸರಿಟ್ಟಿರುವರು. ಲಿನಿಯಸ್ ಪಂಡಿತನಾದರೋ ಗ್ರೀಕ್ ಕಾವ್ಯದೊಳಗಿನ ದುಃಖನಾಶಕ ಔಷಧದ ನೆನಪಿನಿಂದ ಈ ಕುಲಕ್ಕೆ ‘ನೆಪೆಂಥಿಸ್’ ಎಂದು ಹೆಸರಿಟ್ಟನು. ಸಂಸ್ಕೃತದಲ್ಲಿ ‘ವಿಶೋಕಾ’ ಎನ್ನಬಹುದು. ನಮಗೆ ಮಾತ್ರ ಅದು ಮೊದಲ ಮೂರು ತಿಂಗಳು ಶೋಕವನ್ನೇ ಕೊಟ್ಟಿತು.

ಮಳೆಗೆ ಕೊಳೆತೀತೆಂದು ನಾವು ಗಿಡವನ್ನು ಪಡಸಾಲೆಯ ಮೂಲೆಯಲ್ಲಿಟ್ಟೆವು. ಎಲೆಗಳು ಕಡುಹಸಿರಾಗಿ ಉದ್ದುದ್ದ ಬೆಳೆದು ಜೋತುಬಿದ್ದವು. ಹಳೆಯ ಹೂಜಿಗಳು ಒಣಗಿದವು. ಹೊಸತು ಒಂದೂ ಮೂಡಲಿಲ್ಲ. ಶಕ್ತಿ ಸಾಲದೆಂದು ಬಗೆದು ತಿಪ್ಪೆಗೊಬ್ಬರ ಹಾಕಿ, ಬೋರಿನ ಗಡಸು ನೀರನ್ನು ದಿನವೂ ಎರೆದೆವು. ಎಲೆಯಂಚುಗಳು ಸುಟ್ಟಂತೆ ಕಪ್ಪಾದವು. ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನಾವು ಆ ಒಂದು ಮಗುವಿಗೆ ಏನು ಉತ್ತರ ಹೇಳುವುದೆಂದು ರಾತ್ರಿ ನಿದ್ರೆಗೆಟ್ಟುದುಂಟು.

ಭಾದ್ರಪದದಲ್ಲಿ ಬಂಧುಗಳ ಮನೆಗೆಂದು ಮುಂಡಗೋಡದ ಕಡೆಗೆ ಹೋಗಿದ್ದೆವು. ದಾರಿಯ ಮಗ್ಗುಲ ಒದ್ದೆ ಹುಲ್ಲುಗಾವಲಿನಲ್ಲಿ, ಬೇರೆ ಬೆಳೆಗೆ ಬಾರದ ಬಡ ಕೆಂಪುನೆಲದ ಮೇಲೆ, ಅಂಗೈಗಿಂತಲೂ ಸಣ್ಣ ಡ್ರಾಸೆರಾ ಗಿಡಗಳು ಬಿಸಿಲಿನಲ್ಲಿ ಕೆಂಪಗೆ ಹೊಳೆಯುತ್ತಿದ್ದವು. ಎಲೆಯ ರೋಮಗಳ ತುದಿಯಲ್ಲಿ ಇಬ್ಬನಿಯಂತೆ ಅಂಟುಹನಿ, ಅದರಲ್ಲಿ ಸಿಕ್ಕಿದ ನೊರಜುಗಳು. ಇವೂ ಕೀಟಾಹಾರಿಗಳೇ. ಅಲ್ಲಿಯೇ ಕುಕ್ಕರಗಾಲಿನಲ್ಲಿ ಕುಳಿತು ನೋಡುತ್ತಿರಲು ನಮ್ಮ ತಪ್ಪು ತಿಳಿಯಿತು. ಕೀಟದಿಂದ ಈ ಗಿಡಗಳಿಗೆ ದೊರೆಯುವುದು ಬಡನೆಲದಲ್ಲಿಲ್ಲದ ಸಾರಜನಕ ಮೊದಲಾದ ಲವಣಾಂಶಗಳು ಮಾತ್ರ. ಅನ್ನವನ್ನು ಇವೂ ಎಲ್ಲ ಗಿಡಗಳಂತೆ ಬೆಳಕಿನಿಂದಲೇ ಮಾಡಿಕೊಳ್ಳಬೇಕು. ಬೆಳಕಿನ ಆದಾಯವಿಲ್ಲದ ಗಿಡವು ಹೂಜಿಯ ಖರ್ಚಿಗೆ ಕೈಹಾಕದು.

ಮರಳಿದವರೇ ಗೊಬ್ಬರದ ಮಣ್ಣನ್ನೆಲ್ಲ ಕಳೆದು, ಮಳೆನೀರಿನಲ್ಲಿ ಹಲವು ಸಲ ತೊಳೆದ ತೆಂಗಿನ ನಾರು, ಇದ್ದಿಲು, ದಪ್ಪ ಮರಳು ಕೂಡಿಸಿ ಗಿಡವನ್ನು ನೆಟ್ಟೆವು. ಕುಂಡದ ತಳದಲ್ಲಿ ನೀರು ನಿಲ್ಲಗೊಡಲಿಲ್ಲ. ಸೂರಿನ ನೀರನ್ನು ಹಂಡೆಯಲ್ಲಿ ಹಿಡಿದಿಟ್ಟು ಅದನ್ನೇ ಎರೆದೆವು. ಮೂಡಣ ಕಟ್ಟೆಯ ಮೇಲೆ ಹತ್ತು ಗಂಟೆಯವರೆಗೆ ಎಳೆಬಿಸಿಲು, ಅನಂತರ ತೆಳುಬಟ್ಟೆಯ ಮರೆಯಲ್ಲಿ ತಿಳಿಬೆಳಕು. ಹೊಸ ಎಲೆಯು ಗಿಡ್ಡಗೆ, ಗಟ್ಟಿಯಾಗಿ, ತುಸು ಕೆಂಪು ತಳೆದು ಬಂದರೆ ಬೆಳಕು ಹದವೆಂದು ತಿಳಿಯತಕ್ಕದ್ದು. ಬಿಳಿಚಿ ಸುಟ್ಟ ಕಲೆ ಬಿದ್ದರೆ ಬಿಸಿಲು ಹೆಚ್ಚಾಯಿತು.

ದೀಪಾವಳಿಗೆ ಬಂದ ಹುಡುಗಿ ಎಣಿಸಿದಳು: ತೆರೆದುದು ಒಂದು, ಮುಚ್ಚಳ ಬಿಚ್ಚದುದು ಇನ್ನೊಂದು. “ಎರಡೇ ಏನಜ್ಜಾ?” ಎಂದಳು. ತಿಪ್ಪೆಗೊಬ್ಬರದ ಸಂಗತಿಯನ್ನು ಮುಚ್ಚಿಡದೆ ಹೇಳಿದೆವು.

ನಮ್ಮ ಊರಿನಲ್ಲಿ ಮಳೆಗಾಲಕ್ಕೆ ತೇವವುಂಟು, ಮೋಡದಿಂದ ಬೆಳಕು ಕಡಮೆ. ನವರಾತ್ರಿಯಿಂದ ಸಂಕ್ರಾಂತಿಯವರೆಗೆ ಎರಡೂ ಹದ. ಯುಗಾದಿಯ ಹೊತ್ತಿಗೆ ಬೆಳಕು ಬೇಕಾದಷ್ಟು, ಆದರೆ ಒಣಗಾಳಿಗೆ ಎಳೆಯ ಹೂಜಿಗಳು ಬಾಯಿ ತೆರೆಯುವ ಮುನ್ನವೇ ಮುರುಟುವವು. ಈ ಸಲ ಅದಕ್ಕೆಂದು ಕುಂಡದ ಸುತ್ತ ಒದ್ದೆ ಗೋಣಿಯನ್ನು ಕಟ್ಟಿ, ಹಿತ್ತಲ ಬಾಳೆಯ ಹಿಂಡಿನ ನಡುವೆ ಇಟ್ಟಿದ್ದೇವೆ. ಮಳೆನೀರು ಇನ್ನು ಎರಡು ಹಂಡೆ ಉಳಿದಿದೆ.