ಉಗುರಿಗೆ ರೇಟು ಕಟ್ಟಿದ್ದು

ಬರೆಯದೆ ಐದಾರು ತಿಂಗಳೇ ಆಯ್ತು. ಸೋಮಾರಿ ಅಂತ ಬೈಕೋಬೇಡಿ, ಇಷ್ಟು ದಿನ ಲೆಕ್ಕ ಬರೀತಾ ಕೂತಿದ್ದೆ. ಅದೂ ಎಂಥಾ ಲೆಕ್ಕ ಅಂತೀರಿ... ಉಗುರಿನ ಲೆಕ್ಕ!

ಹಳಬರಿಗೆ ಗೊತ್ತು, ಮೈಸೂರಲ್ಲಿ ನನ್ನದೊಂದು ಪುಟ್ಟ ಬ್ಯೂಟಿ ಪಾರ್ಲರ್ ಇದೆ. ಎರಡು ಕುರ್ಚಿ, ಗೋಡೆ ತುಂಬ ಕನ್ನಡಿ, ನಾನು, ಜೊತೆಗೊಬ್ಬಳು ಹುಡುಗಿ. ಐಬ್ರೋ, ಫೇಶಿಯಲ್, ವ್ಯಾಕ್ಸಿಂಗ್, ಮದುವೆ ಸೀಸನ್ನಿನಲ್ಲಿ ಮೇಕಪ್ಪು. ಹನ್ನೊಂದು ವರ್ಷದಿಂದ ಇದೇ. ಇವ್ಯಾವುದಕ್ಕೂ ನಾನು ರೇಟು ಅಂತ ಯೋಚಿಸಿ ಕಟ್ಟಿದ್ದೇ ಇಲ್ಲ. ಪಕ್ಕದ ರಸ್ತೆಯವರು ಐಬ್ರೋಗೆ 50 ಅಂದ್ರೆ ನಾನೂ 50. ಅವರು ಏರಿಸಿದ್ರೆ ಎರಡು ತಿಂಗಳು ಬಿಟ್ಟು ನಾನೂ ಏರಿಸ್ತಿದ್ದೆ. ಅಷ್ಟೇ ನನ್ನ ಅರ್ಥಶಾಸ್ತ್ರ.

2025ರ ದಸರಾಕ್ಕೆ ಸ್ವಲ್ಪ ಮುಂಚೆ ಒಬ್ಬ ಡಿಸ್ಟ್ರಿಬ್ಯೂಟರ್ ಬಂದು ಉಗುರು ಗಟ್ಟಿ ಮಾಡೋ ಹೊಸ ಟ್ರೀಟ್‌ಮೆಂಟ್ ಕಿಟ್ ತೋರಿಸಿದ. ಎರಡು ಬಾಟಲಿ ದ್ರವ, ಒಂದು ಲ್ಯಾಂಪು, ಬೆಂಗಳೂರಲ್ಲಿ ಒಂದು ದಿನದ ಟ್ರೈನಿಂಗು. ಎಲ್ಲಾ ಸೇರಿ 17,200 ರೂಪಾಯಿ. ಚೀಟಿ ದುಡ್ಡು ಆಗಷ್ಟೇ ಕೈಗೆ ಬಂದಿತ್ತು. ತಗೊಂಡುಬಿಟ್ಟೆ.

ಮನೆಯಲ್ಲಿ ಅಮ್ಮ ಬಾಯಿ ಮೇಲೆ ಕೈ ಇಟ್ಕೊಂಡ್ರು. "ಉಗುರಿಗೂ ಔಷಧೀನಾ? ನಿಮ್ಮಜ್ಜಿ ಬೂದಿ ಹಾಕಿ ಮುಸುರೆ ತಿಕ್ಕೀ ತಿಕ್ಕೀ ಅವರಿಗೆ ಉಗುರೇ ಇರಲಿಲ್ಲ. ಹಬ್ಬಕ್ಕೆ ಗೋರಂಟಿ ಹಚ್ಕೊಂಡ್ರೆ ಮುಗೀತು." ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ ಅನ್ನೋ ಗಾದೆ ಹೇಳಿದ್ರು. ಕೊಡಲಿಗೆ ಆಗಲೇ ದುಡ್ಡು ಕೊಟ್ಟಾಗಿತ್ತಲ್ಲ, ಸುಮ್ಮನಾದೆ :-)

ಟ್ರೈನಿಂಗ್ ಮಾತ್ರ ಚೆನ್ನಾಗಿತ್ತು. ಕಲಿಸಿದ ಮೇಡಂ ಮೊದಲೇ ಹೇಳಿದ್ರು, ಹೊರಗೆ ಕಾಣೋ ಉಗುರು ಸತ್ತದ್ದು, ಕೂದಲಿನ ಹಾಗೆ ಬರೀ ಕೆರಾಟಿನ್. ಅದಕ್ಕೆ ಏನು ಕುಡಿಸಿದ್ರೂ ಜೀವ ಬರಲ್ಲ. ಕೈ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತೆ. ಬುಡದಿಂದ ತುದಿವರೆಗೆ ಪೂರ್ತಿ ಹೊಸದಾಗೋಕೆ ಹತ್ತಿರ ಹತ್ತಿರ 6 ತಿಂಗಳು. ನಾವು ಹಚ್ಚೋದು ಈಗಾಗಲೇ ಬೆಳೆದಿರೋ ಭಾಗಕ್ಕೆ ಆಸರೆ. ಅದು ಬೆಳೆದು ಕತ್ತರಿಸಿ ಹೋದ್ರೆ ನಮ್ಮ ಟ್ರೀಟ್‌ಮೆಂಟೂ ಅದರ ಜೊತೆಗೇ ಕಸದ ಬುಟ್ಟಿಗೆ.

ಇನ್ನೊಂದು ಮಾತೂ ಮನಸ್ಸಲ್ಲಿ ಉಳೀತು. ಗಟ್ಟಿ ಇರೋದೇ ಬೇರೆ, ಬಲ ಇರೋದೇ ಬೇರೆ ಅಂತ. ಫಾರ್ಮಾಲ್ಡಿಹೈಡ್ ಇರೋ ಕೆಲವು ಹಾರ್ಡ್‌ನರ್‌ಗಳನ್ನ ಹಚ್ಚಿದ್ರೆ ಮೊದಮೊದಲು ಉಗುರು ಕಲ್ಲಿನ ಹಾಗಾಗುತ್ತಂತೆ, ಹಚ್ಚುತ್ತಾ ಹೋದ್ರೆ ಬಾಗೋ ಗುಣವೇ ಹೋಗಿ ಚಟ್ ಅಂತ ಮುರಿಯುತ್ತಂತೆ. ಕರಿದ ಹಪ್ಪಳವೂ ಗಟ್ಟಿಯೇ ಅಲ್ವಾ?

ಸರಿ, ಈಗ ರೇಟು. ಡಿಸ್ಟ್ರಿಬ್ಯೂಟರ್ 1,200 ಹಾಕಿ ಅಂದ. ಒಂದು ದೊಡ್ಡ ಸಲೂನಿನಲ್ಲಿ ವಿಚಾರಿಸಿದ್ರೆ 1,500 ಅಂದ್ರು. ನಮ್ಮ ಬೀದಿಯಲ್ಲಿ ಅಷ್ಟು ಯಾರು ಕೊಡ್ತಾರೆ? ನಂಗೆ ಎದೆ ಢವಢವ. ಕೊನೆಗೆ ಧೈರ್ಯ ಸಾಲದೆ 'ಹಬ್ಬದ ಪರಿಚಯ ದರ 299' ಅಂತ ಬರೆದು ಅಂಟಿಸಿದೆ. ದೀಪಾವಳಿ ಹೊತ್ತಿಗೆ 17 ಜನ ಮಾಡಿಸಿಕೊಂಡ್ರು. ನನ್ನ ಖುಷಿ ಕೇಳಬೇಡಿ.

ಆ ಖುಷಿ ಇಳಿಸಿದ್ದು ನನ್ನ ತಮ್ಮ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆಯವರು ಸಣ್ಣ ಅಂಗಡಿಗಳಿಗೆಲ್ಲ ನೋಟಿಸ್ ಕೊಟ್ಟರಲ್ಲ, ಬೇಕರಿ, ಹಾಲಿನ ಅಂಗಡಿ ಮುಂದೆಲ್ಲ 'ಯುಪಿಐ ಇಲ್ಲ' ಅಂತ ಬೋರ್ಡ್ ಬಂತಲ್ಲ, ಆವಾಗ ಹೆದರಿ ಅವನು ನನ್ನ ಕೈಲಿ ಒಂದು ನೋಟ್‌ಬುಕ್ ಇಡಿಸಿದ್ದ. ಯಾರು ಬಂದ್ರು, ಎಷ್ಟು ಹೊತ್ತು ಕೂತ್ರು, ಎಷ್ಟು ಕೊಟ್ರು, ಎಲ್ಲಾ ಬರೀಬೇಕು. ಸೇವೆ ಮಾಡೋರಿಗೆ ವರ್ಷಕ್ಕೆ 20 ಲಕ್ಷ ವಹಿವಾಟು ದಾಟಿದ್ರೆ ಜಿಎಸ್‌ಟಿ ನೋಂದಣಿ ಬೇಕು, ನಾನು ಅದರ ಹತ್ತಿರವೂ ಇಲ್ಲ, ಆದ್ರೂ ಪುಸ್ತಕ ಇರಲಿ ಅಂದಿದ್ದ. ಒಂದು ಭಾನುವಾರ ಆ ನೋಟ್‌ಬುಕ್ ತಿರುವಿ ಹಾಕ್ತಾ ಕೇಳಿದ:

"ಅಕ್ಕಾ, ಬಾಡಿಗೆ 14,000, ಹುಡುಗಿ ಸಂಬಳ 15,000, ಕರೆಂಟು ನೀರು 3,000. ನಿನ್ನ ಸಂಬಳ ಎಲ್ಲಿ?"

"ಉಳಿದಿದ್ದೇ ನನ್ನ ಸಂಬಳ ಕಣೋ."

"ಉಳಿಯದೇ ಇದ್ರೆ?"

ಹನ್ನೊಂದು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ ಅದು. ನಾನೂ ಕೇಳಿಕೊಂಡಿರಲಿಲ್ಲ. ಅವನೇ ಪೆನ್ನು ತಗೊಂಡು ನನ್ನ ಹೆಸರಿನ ಮುಂದೆ 20,000 ಬರೆದ. ಒಟ್ಟು 52,000. ತಿಂಗಳಿಗೆ ನಾವಿಬ್ಬರೂ ಸೇರಿ ನಿಜವಾಗಿ ಗಿರಾಕಿ ಮೇಲೆ ಕೈ ಇಟ್ಟು ಕೆಲಸ ಮಾಡೋದು ಸುಮಾರು 260 ಗಂಟೆ, ಉಳಿದದ್ದು ಕಾಯೋದು, ಗುಡಿಸೋದು, ಟವೆಲ್ ಒಗೆಯೋದು. ಮಂಗಳವಾರ, ಶುಕ್ರವಾರ ಉಗುರು ಕತ್ತರಿಸಬಾರದು ಅಂತ ಆ ಎರಡು ದಿನ ಕೈ ಚಾಚೋರೂ ಕಡಿಮೆ. ಅಂದ್ರೆ ಕೆಲಸದ ಒಂದು ಗಂಟೆಗೆ ನಂಗೆ 200 ರೂಪಾಯಿ ಖರ್ಚು.

ಉಗುರಿನ ಟ್ರೀಟ್‌ಮೆಂಟಿಗೆ ಮುಕ್ಕಾಲು ಗಂಟೆ, 150 ರೂಪಾಯಿ. ಬಾಟಲಿ ಎರಡೂ ಸೇರಿ 7,200, ಅದು 40 ಸಲಕ್ಕೆ ಬರುತ್ತೆ, ತಲಾ 180. ಹತ್ತಿ, ಫೈಲು, ಬಫರ್, ಗ್ಲೌಸು 40. ಲ್ಯಾಂಪು, ಟ್ರೈನಿಂಗಿನ 10,000ವನ್ನ ನೂರು ಸಲಕ್ಕೆ ಹಂಚಿದ್ರೆ 100. ಒಟ್ಟು 470.

ನಾನು ತಗೊಂಡಿದ್ದು 299. ಹದಿನೇಳು ಜನರ ಉಗುರಿಗೆ ನನ್ನ ಕೈಯಿಂದಲೇ 2,907 ರೂಪಾಯಿ ಹಾಕಿದ್ದೆ. ದೀಪಾವಳಿ ಉಡುಗೊರೆ ಅಂದ್ಕೊಳ್ಳಿ :-(

ದೊಡ್ಡ ಸಲೂನಿನವರಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 18ರಿಂದ 5 ಪರ್ಸೆಂಟಿಗೆ ಇಳೀತಲ್ಲ, ನಂಗೇನಾದ್ರೂ ಉಂಟಾ ಅಂತ ಕೇಳಿದೆ. ತಮ್ಮ ನಕ್ಕ. ನೋಂದಣಿ ಇಲ್ಲದವಳು ಬಿಲ್ಲಿಗೆ ಜಿಎಸ್‌ಟಿ ಸೇರಿಸೋ ಹಾಗೇ ಇಲ್ಲ, ಇಳಿಯೋಕೆ ಏನಿದೆ? ಕಿಟ್ಟಿನ ಬಿಲ್ಲಲ್ಲಿ ಕಟ್ಟಿದ ತೆರಿಗೆಯೂ ವಾಪಸ್ ಬರಲ್ಲ, ಅದೂ ನನ್ನ ಖರ್ಚಿಗೇ.

ಮಾರನೇ ದಿನ ನಮ್ಮ ಹುಡುಗಿ ಮೆಲ್ಲಗೆ ಕೇಳಿದ್ಲು, "ಅಕ್ಕಾ, ಇದರಲ್ಲಿ ನಂಗೇನಾದ್ರೂ...?" ನ್ಯಾಯವೇ. ಅವಳಿಗೆ ಒಂದಕ್ಕೆ 50. ಅಲ್ಲಿಗೆ 520. ರೇಟು 650 ಅಂತ ಬರೆದೆ. ಹದಿನೈದು ದಿನಕ್ಕೊಂದರ ಹಾಗೆ ನಾಲ್ಕು ಸಿಟ್ಟಿಂಗಿನ ಪ್ಯಾಕೇಜಿಗೆ ಮುಂಗಡ ಕೊಟ್ರೆ 2,400. 299 ಕೊಟ್ಟು ಹೋದವರಲ್ಲಿ ಇಬ್ಬರು ಜಗಳವಾಡಿದ್ರು, ಸುಮಾರು ಜನ ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಮೊದಲೇ 650 ಅಂದಿದ್ರೆ ಈ ಮಾತು ಇರ್ತಿರಲಿಲ್ಲ.

ಇಲ್ಲಿವರೆಗೆ ಬರೆದದ್ದು ದಡ್ಡತನ. ಮುಂದಿನದು ಬರೆಯೋಕೆ ಸ್ವಲ್ಪ ಕಷ್ಟ.

ಪ್ಯಾಕೇಜ್ ತಗೊಂಡ ಮೊದಲನೆಯವರು ಬ್ಯಾಂಕಿನಲ್ಲಿ ಕೆಲಸ ಮಾಡೋ ಒಬ್ಬ ಅಕ್ಕ. ಅಂಗಡಿ ತೆರೆದ ವರ್ಷದಿಂದ ಬರೋರು. "ಉಗುರು ಹಾಳೆ ಥರ ಆಗಿದೆ ಕಣೇ, ಏನಾದ್ರೂ ಮಾಡು" ಅಂತ ಬಂದ್ರು. ಅಲ್ಲೇ 2,400 ಫೋನಲ್ಲಿ ಹಾಕಿದ್ರು. ಅದು ಅವತ್ತೇ ಸಂಜೆ ಕರೆಂಟ್ ಬಿಲ್ಲಿಗೆ, ಚೀಟಿ ಕಂತಿಗೆ ಹೋಯ್ತು.

ಅವರ ಉಗುರಿನ ಪಾಲಿಶ್ ತೆಗೆದಾಗ ನೋಡಿದೆ. ಬಿಳಿಚಿಕೊಂಡಿತ್ತು. ಎರಡು ಬೆರಳಲ್ಲಿ ಉಗುರು ಉಬ್ಬಿರೋ ಬದಲು ನಡುವೆ ತಗ್ಗಾಗಿತ್ತು. ಟ್ರೈನಿಂಗಲ್ಲಿ ಮೇಡಂ ಫೋಟೋ ಹಾಕಿ ತೋರಿಸಿದ್ರು, ಚಮಚದ ಹಾಗೆ ಹಳ್ಳ ಬಿದ್ದ ಉಗುರು, ಒಂದು ಹನಿ ನೀರು ಹಾಕಿದ್ರೆ ನಿಲ್ಲುತ್ತೆ, ಕಬ್ಬಿಣಾಂಶ ಕಡಿಮೆ ಇದ್ರೆ ಹೀಗಾಗಬಹುದು, ಮುಟ್ಟಬೇಡಿ, ಡಾಕ್ಟರ್ ಹತ್ರ ಕಳಿಸಿ ಅಂತ.

ನಂಗೆ ಗೊತ್ತಾಗಲಿಲ್ಲ ಅಂತ ಹೇಳಿದ್ರೆ ನೀವು ನಂಬ್ತೀರಿ. ಆದ್ರೆ ಗೊತ್ತಾಗಿತ್ತು. ಪೂರ್ತಿ ಅಲ್ಲ, ಒಂದು ಅನುಮಾನ ಬಂದಿತ್ತು. ಮುಂದೆ ನೋಡೋಣ ಅಂದ್ಕೊಂಡೆ. ಎರಡು ಸಿಟ್ಟಿಂಗ್ ಮಾಡಿದೆ. ಲ್ಯಾಂಪಿನ ಕೆಳಗೆ ಕೈ ಇಟ್ಕೊಂಡು ಅವರು "ಈಗೀಗ ಮೆಟ್ಟಿಲು ಹತ್ತಿದ್ರೆ ಏದುಸಿರು ಬರುತ್ತೆ, ವಯಸ್ಸಾಯ್ತು" ಅಂತ ನಗ್ತಿದ್ರು. ನಾನೂ ನಗ್ತಿದ್ದೆ.

ಮೂರನೇ ಸಲ ಬಂದಾಗ ತಡೆಯೋಕಾಗಲಿಲ್ಲ. ಉಗುರಿನ ಮೇಲೆ ಒಂದು ಹನಿ ನೀರು ಬಿಟ್ಟೆ. ನಿಂತಿತು. "ಅಕ್ಕಾ, ಇದು ನನ್ನ ಕೆಲಸ ಅಲ್ಲ, ರಕ್ತ ಪರೀಕ್ಷೆ ಮಾಡಿಸಿ" ಅಂದೆ.

ನಾಲ್ಕು ದಿನ ಬಿಟ್ಟು ಫೋನ್ ಬಂತು. ಹಿಮೋಗ್ಲೋಬಿನ್ 7.6 ಇತ್ತಂತೆ. 12ರ ಮೇಲಿರಬೇಕಾದ್ದು. ಔಷಧಿ ಶುರುವಾಗಿತ್ತು.

ತಮ್ಮನ ಹತ್ರ ಸಾಲ ತಗೊಂಡು 2,400 ವಾಪಸ್ ಕೊಡೋಕೆ ಅವರ ಮನೆಗೇ ಹೋದೆ. ಅವರು ಎಣಿಸಿ 1,200 ನನ್ನ ಕೈಗಿಟ್ರು. "ಎರಡು ಸಲ ಕೆಲಸ ಮಾಡಿದ್ದೀಯಲ್ಲಮ್ಮ, ಇಟ್ಕೋ. ನೀನು ಹೇಳದಿದ್ರೆ ನಂಗೆಲ್ಲಿ ಗೊತ್ತಾಗ್ತಿತ್ತು?"

ಆ ಮಾತು ಕೇಳಿ ಆ ದುಡ್ಡು ಇಟ್ಕೊಳ್ಳೋಕೆ ಆಗಲಿಲ್ಲ. "ಮೊದಲ ದಿನವೇ ಅನುಮಾನ ಬಂದಿತ್ತು ಅಕ್ಕಾ" ಅಂದುಬಿಟ್ಟೆ.

ಅವರು ಏನೂ ಹೇಳಲಿಲ್ಲ. ಆ 1,200 ಸುಮ್ಮನೆ ತಗೊಂಡು ಮೇಜಿನ ಮೇಲಿಟ್ರು. ಕಾಫಿ ಕೊಡ್ತೀನಿ ಅಂದಿದ್ರು, ಕೊಡಲಿಲ್ಲ. ನಾನೂ ಎದ್ದು ಬಂದೆ.

ಬಂದವಳೇ ಪ್ಯಾಕೇಜಿನ ಚೀಟಿ ಹರಿದು ಹಾಕಿದೆ. ದುಡ್ಡು ಮೊದಲು ಬಂದ್ರೆ ಕಣ್ಣು ಮಂಜಾಗುತ್ತೆ, ಕನಿಷ್ಠ ನನ್ನ ಕಣ್ಣು ಆಗುತ್ತೆ. ಈಗಿನ ಬೋರ್ಡು ಹೀಗಿದೆ: 'ಉಗುರಿನ ಟ್ರೀಟ್‌ಮೆಂಟ್, ಒಂದು ಸಿಟ್ಟಿಂಗಿಗೆ 650. ಮುಂಗಡ ಇಲ್ಲ. ಉಗುರು ನೋಡಿ ಹೇಳುವುದಕ್ಕೆ ದುಡ್ಡಿಲ್ಲ.'

ತಮ್ಮ ಅದಕ್ಕೂ ಲೆಕ್ಕ ತೆಗೆದ. ನೋಡೋಕೆ ಹತ್ತು ನಿಮಿಷ, 33 ರೂಪಾಯಿ ಖರ್ಚು. ಬರೋ ಇಬ್ಬರಲ್ಲಿ ಒಬ್ಬರನ್ನ ನಾನು ಹಾಗೇ ಕಳಿಸ್ತೀನಿ. ಪಾತ್ರೆ ತೊಳೆಯೋವಾಗ ಗ್ಲೌಸ್ ಹಾಕಿ, ಕೈ ಒರೆಸಿಕೊಂಡು ಕೊಬ್ಬರಿ ಎಣ್ಣೆ ಹಚ್ಚಿ, ಜೆಲ್ ಪಾಲಿಶನ್ನ ಕಿತ್ತು ತೆಗೀಬೇಡಿ, ಪದರಾನೇ ಎದ್ದು ಬರುತ್ತೆ, ಇಷ್ಟು ಹೇಳಿದ್ರೆ ಸಾಕಾಗುತ್ತೆ ಅವರಿಗೆ. ಅಲ್ಲಿಗೆ ಮಾಡಿಸಿಕೊಂಡ ಒಬ್ಬರ ಮೇಲೆ ಇಬ್ಬರನ್ನ ನೋಡಿದ 67 ರೂಪಾಯಿ ಬೀಳುತ್ತೆ. 587 ಆಯ್ತು. 650ರಲ್ಲಿ ಉಳಿಯೋದು 63.

ಅಂದ್ರೆ ದುಡ್ಡು ಕೊಡೋರು, ನಾನು ವಾಪಸ್ ಕಳಿಸಿದವರ ಪಾಲನ್ನೂ ಕೊಡ್ತಿದ್ದಾರೆ. ಇದು ಸರಿಯಾ? ಗೊತ್ತಿಲ್ಲ. ನೀವೇ ಹೇಳಿ. ಬೇಡ ಅಂತ ಹೇಳೋದೂ ಕೆಲಸವೇ ಅಂತ ನಂಗೀಗ ಅನಿಸುತ್ತೆ, ಅದಕ್ಕೂ ಎಲ್ಲಿಂದಲೋ ಕೂಲಿ ಹುಟ್ಟಬೇಕಲ್ಲ.

ಮೊನ್ನೆ ಮಂಗಳವಾರ ಅಂಗಡಿ ಖಾಲಿ ಇತ್ತು. ನೋಡಿದ್ರೆ ನಮ್ಮ ಹುಡುಗಿ ಉಗುರೇ ತುದಿಯಲ್ಲಿ ಪದರ ಪದರವಾಗಿ ಸೀಳಿದೆ. ದಿನವಿಡೀ ಇಲ್ಲಿ ನೀರು, ಮನೆಗೆ ಹೋದ್ರೆ ಮುಸುರೆ. ಕೂರಿಸಿ ಮಾಡಿದೆ. ನೋಟ್‌ಬುಕ್ಕಲ್ಲಿ 'ಸ್ಯಾಂಪಲ್' ಅಂತ ಬರೆದೆ. ತಮ್ಮ ನೋಡಿದ್ರೆ ಬೈತಾನೆ.

ಅವಳ ಕಿರುಬೆರಳು ಇನ್ನೂ ಲ್ಯಾಂಪಿನ ಕೆಳಗಿತ್ತು, ಬಾಗಿಲು ತೆರೀತು. ಬ್ಯಾಂಕಿನ ಅಕ್ಕ! ಎರಡೂವರೆ ತಿಂಗಳ ಮೇಲೆ.

"ಐಬ್ರೋ" ಅಂದ್ರು. ಅಷ್ಟೇ. ಮಾಡಿದೆ. 50 ಕೊಟ್ರು. ಹೊರಡೋವಾಗ ಕೈ ಮುಂದೆ ಚಾಚಿ ಹೆಬ್ಬೆರಳು ತೋರಿಸಿದ್ರು. ತುದಿ ಇನ್ನೂ ಹಳ್ಳವೇ. ಬುಡದಲ್ಲಿ ಮಾತ್ರ ಅರ್ಧ ಸೆಂಟಿಮೀಟರಿನಷ್ಟು ಹೊಸ ಉಗುರು, ಸಮವಾಗಿ, ಸ್ವಲ್ಪ ಗುಲಾಬಿ.

"ನೋಡಿ ಹೇಳೋಕೆ ದುಡ್ಡಿಲ್ಲ ಅಂತ ಬರ್ದಿದ್ದೀಯಲ್ಲ. ಹೇಳು" ಅಂದ್ರು.

"ಚೆನ್ನಾಗಿ ಬರ್ತಿದೆ ಅಕ್ಕಾ" ಅಂದೆ.