ಹಡಗು ಕೆಟ್ಟಾಗ ಹುಡುಗ ಎಲ್ಲಿ ಮಲಗಬೇಕು?

ತುಮಕೂರಿನ ಶಿರಾ ಗೇಟ್‌ಗೂ ಸಮುದ್ರಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ನಮ್ಮಲ್ಲಿರುವುದು ಕೆರೆ. ಹಡಗಿಲ್ಲ, ಲಾರಿ ಇದೆ. ಕೆಟ್ಟು ನಿಂತ ಲಾರಿಯ ಕೆಳಗೆ ಗೋಣಿಚೀಲ ಹಾಸಿಕೊಂಡು ಮಲಗಿದ ಕ್ಲೀನರ್ ಹುಡುಗರನ್ನು ನಾವು ಇಲ್ಲಿ ಎಷ್ಟೋ ರಾತ್ರಿ ನೋಡಿದ್ದೇವೆ. ಇಂಜಿನ್ ಬಿಚ್ಚಿ ಹಾಕಿರುತ್ತಾರೆ. ಸಾಮಾನು ಬರೋಕೆ ಎರಡು ದಿನ. ಡ್ರೈವರ್ ಊರಿಗೆ ಹೋಗಿರುತ್ತಾನೆ. ಮಾಲೀಕ ಮೆಕ್ಯಾನಿಕ್‌ಗೆ ಫೋನು ಮಾಡಿ "ಗಾಡಿ ಹೆಂಗೈತೆ?" ಅಂತ ಕೇಳುತ್ತಾನೆ. ಹುಡುಗ ಹೆಂಗವ್ನೆ ಅಂತ ಕೇಳೋರಿಲ್ಲ. "ಎಲ್ಲಿ ಮಲಗ್ತೀಯಪ್ಪ?" ಅಂದರೆ, "ಇನ್ನೆಲ್ಲಿ ಕಣಣ್ಣ, ಗಾಡಿತಾವೇ" ಅನ್ನುತ್ತಾನೆ.

ಈ ಮಾತು ನಮ್ಮ ಕೇರಿಗೆ ಹೊಸದಲ್ಲ. ಜೀತಕ್ಕಿದ್ದ ಹುಡುಗ ಒಡೆಯನ ಕೊಟ್ಟಿಗೆಯಲ್ಲೇ ಮಲಗುತ್ತಿದ್ದ. ದನ ಕಾಯೋನಿಗೆ ದನದ ಮನೆಯೇ ಮನೆ. 1976ರ ಕಾಯ್ದೆ ಜೀತವನ್ನು ರದ್ದು ಮಾಡಿತು. ದುಡಿಯುವವನಿಗೆ ಬೇರೆ ಮನೆ ಯಾಕೆ, ದುಡಿಯುವ ಜಾಗವೇ ಸಾಕು ಎಂಬ ಒಡೆಯನ ಲೆಕ್ಕ ಮಾತ್ರ ರದ್ದಾಗಲಿಲ್ಲ. ಅದು ಸಮುದ್ರದ ಮೇಲೂ ನಡೆಯುತ್ತದೆ.

ಅಮೆರಿಕದ ನೌಕಾಪಡೆಯ 'ಜಾರ್ಜ್ ವಾಷಿಂಗ್ಟನ್' ಎಂಬ ಹಡಗನ್ನೇ ನೋಡಿ. ವಿಮಾನಗಳನ್ನು ಹೊರುವ, ಅಣುಶಕ್ತಿಯಿಂದ ಓಡುವ ಹಡಗು ಅದು. 2017ರಲ್ಲಿ ವರ್ಜೀನಿಯಾ ರಾಜ್ಯದ ನ್ಯೂಪೋರ್ಟ್ ನ್ಯೂಸ್‌ನಲ್ಲಿ ರಿಪೇರಿಗೆ ನಿಂತಿತು. ನಾಲ್ಕು ವರ್ಷದ ಕೆಲಸ ಎಂದಿದ್ದರು, ಮುಗಿದದ್ದು 2023ರಲ್ಲಿ. ಮದುವೆಯಾಗದ ಕೆಳದರ್ಜೆಯ ನಾವಿಕರಿಗೆ ಮನೆಬಾಡಿಗೆ ಭತ್ಯೆ ಇರಲಿಲ್ಲ. ಹಡಗೇ ಅವರ ಮನೆ ಎಂಬುದು ಸರ್ಕಾರದ ಲೆಕ್ಕ.

ರಿಪೇರಿಗೆ ನಿಂತ ಹಡಗು ಎಂಥ ಮನೆ? ನೀರಿನಿಂದ ಮೇಲೆತ್ತಿದ ಹಡಗಿಗೆ ಸಮುದ್ರದ ನೀರು ಬರುವುದಿಲ್ಲ, ಕೊಳಕು ಹೊರಗೆ ಹೋಗುವುದಿಲ್ಲ, ಕಕ್ಕಸು ಮುಚ್ಚಬೇಕು. ಅಡುಗೆಮನೆ ಬಿಚ್ಚುತ್ತಾರೆ. ಕರೆಂಟು ದಡದಿಂದ ಬರಬೇಕು, ನಡುವೆ ಹೋಗುತ್ತದೆ. ವೆಲ್ಡಿಂಗಿನ ಹೊಗೆ, ಬಣ್ಣದ ವಾಸನೆ, ಕಬ್ಬಿಣ ಉಜ್ಜುವ ಸದ್ದು. ಅದರೊಳಗೇ ನೂರಾರು ಹುಡುಗರು ಮಲಗಿದರು. ನಿದ್ದೆ ಬಾರದೆ ಕಾರಿನಲ್ಲಿ ಮಲಗಿದವರೂ ಉಂಟು. 2022ರ ಏಪ್ರಿಲ್‌ನಲ್ಲಿ, ಒಂದೇ ವಾರದೊಳಗೆ, ಆ ಹಡಗಿನ ಮೂವರು ತಮ್ಮ ಜೀವ ತಾವೇ ಕಳೆದುಕೊಂಡರು. ಮೂರು ಸಾವಿಗೂ ಒಂದೇ ಕಾರಣ ಎಂದು ನಾವು ಹೇಳುವುದಿಲ್ಲ. ಮನುಷ್ಯನ ನೋವು ಅಷ್ಟು ಸರಳವಲ್ಲ. ಆದರೆ ಇನ್ನೂರಕ್ಕೂ ಹೆಚ್ಚು ಮಂದಿಯನ್ನು ಹಡಗಿನಿಂದ ದಡದ ವಸತಿಗೆ ಸಾಗಿಸಿದ್ದು ಅದಾದ ಮೇಲೆ. ಜಾಗ ಇತ್ತು ಎಂದಾಯಿತಲ್ಲ? ಮೊದಲೇ ಯಾಕೆ ಕೊಡಲಿಲ್ಲ?

ದಡಕ್ಕಿಳಿದು ಊರೊಳಗೆ ರೂಮು ಹಿಡಿಯಲಿ ಎನ್ನುವವರಿದ್ದಾರೆ. ಅಲ್ಲಿ ನಮ್ಮ ಹುಡುಗನಿಗೆ ಇನ್ನೊಂದು ಗೇಟು. "ನೀವು ಯಾವ ಪೈಕಿ?" 1917ರಲ್ಲಿ ಬಾಬಾಸಾಹೇಬರು ವಿದೇಶದಲ್ಲಿ ಓದಿ ಬಂದು ಬರೋಡಾದಲ್ಲಿ ನೌಕರಿಗೆ ಸೇರಿದಾಗ ಅವರಿಗೆ ಮನೆ ಸಿಗಲಿಲ್ಲ. ಬೇರೆ ಹೆಸರಿನಲ್ಲಿ ಪಾರ್ಸಿ ಛತ್ರದಲ್ಲಿ ಉಳಿದರು. ಗೊತ್ತಾದಾಗ ದೊಣ್ಣೆ ಹಿಡಿದು ಬಂದವರು ಅವರನ್ನು ಹೊರಗೆ ಹಾಕಿದರು. ಡಿಗ್ರಿ ಮುಗಿಸಿ ರೂಮು ಹುಡುಕಿದ ನಮಗೂ ಆ ಪ್ರಶ್ನೆ ಬಂತು. ದೊಣ್ಣೆ ಇರಲಿಲ್ಲ, ನಗು ಇತ್ತು: "ಈಗತಾನೆ ಬೇರೆಯವರಿಗೆ ಕೊಟ್ಬಿಟ್ವಿ."

ನಮ್ಮ ನಾಡಿನ ಕಡಲಿಗೆ ಬನ್ನಿ. ಕಾರವಾರದ ಅರಗಾದಲ್ಲಿ ನೌಕಾನೆಲೆ ಇದೆ, 'ಕದಂಬ' ಎಂದು ಹೆಸರು. 1986ರಲ್ಲಿ ಅಡಿಗಲ್ಲು, 2005ರಲ್ಲಿ ಆರಂಭ. ಹತ್ತು ಸಾವಿರ ಟನ್ ತೂಕದವರೆಗಿನ ಹಡಗನ್ನು ನೀರಿನಿಂದ ಮೇಲೆತ್ತಿ, ನೆಲದ ಮೇಲೆ ಸರಿಸಿ, ರಿಪೇರಿಗೆ ನಿಲ್ಲಿಸುವ ವ್ಯವಸ್ಥೆ ಅಲ್ಲಿದೆ. ನಾವಿಕರಿಗೆ ವಸತಿ ಕಟ್ಟಡಗಳೂ ಎದ್ದಿವೆ. ಏಳಲಿ, ಬೇಕು. ಆದರೆ ಅವು ಎದ್ದದ್ದು ಖಾಲಿ ನೆಲದಲ್ಲಲ್ಲ. ಕಾರವಾರ, ಅಂಕೋಲಾ ತಾಲ್ಲೂಕುಗಳ ಸಾವಿರಾರು ಮೀನುಗಾರ, ರೈತ ಕುಟುಂಬಗಳು ಆ ಯೋಜನೆಗಾಗಿ ಒಲೆ ಕಿತ್ತು ಹೊರಟವು. ಸರಿಯಾದ ಪರಿಹಾರಕ್ಕಾಗಿ ದಶಕಗಟ್ಟಲೆ ಕೋರ್ಟು ಅಲೆದವು. ಹಡಗನ್ನು ಎತ್ತುವ ಯಂತ್ರ ಬೇಗ ಬಂತು. ಮನುಷ್ಯರನ್ನು ಎತ್ತುವ ಪರಿಹಾರ ತೆವಳಿಕೊಂಡು ಬಂತು.

ಹಳ್ಳಿಯ ಮೇಷ್ಟ್ರುಗಳೇ, ನಿಮ್ಮ ಹುಡುಗರು 2022ರಿಂದ ಅಗ್ನಿವೀರರಾಗಿ ನಾಲ್ಕು ವರ್ಷಕ್ಕೆ ನೌಕಾಪಡೆಗೆ ಹೋಗುತ್ತಿದ್ದಾರೆ. ಅರ್ಜಿ ತುಂಬಿಸುವವರು ನೀವೇ. ಹೋಗಲಿ, ಹೋಗಬೇಕು, ಕಡಲು ಯಾರಪ್ಪನ ಆಸ್ತಿಯೂ ಅಲ್ಲ. ಆದರೆ ಅರ್ಜಿ ತುಂಬಿಸುವಾಗಲೇ ಅವರಿಗೆ ಒಂದು ಪ್ರಶ್ನೆಯನ್ನೂ ಕಲಿಸಿ: ಸಂಬಳ ಎಷ್ಟು ಎಂದು ಕೇಳಿದ ಮೇಲೆ, ಕೆಲಸ ನಿಂತ ದಿನ ನಾನೆಲ್ಲಿ ಮಲಗಬೇಕು?

ವಸತಿ ಹಡಗಿಗೆ, ಲಾರಿಗೆ, ಕೊಟ್ಟಿಗೆಗೆ ಕಟ್ಟಿದ ಬಾಲವಲ್ಲ. ಅದು ಮನುಷ್ಯನಿಗೆ ಸೇರಿದ್ದು. ಇದನ್ನು ಕೃಪೆ ಅಂತ ಬೇಡಬೇಡಿ. ಹಕ್ಕು ಅಂತ ಕೇಳಿ, ಗಟ್ಟಿಯಾಗಿ ಕೇಳಿ.